ಬಿಳಿ ಗುಂಡಿ

ನಿನ್ನೆ ರಾತ್ರಿ ಪಾತ್ರೆ ತೊಳೀತಾ 'ಎಡೆರ್ಲೆಜಿ' ಹಾಡು ಹಾಕ್ಕೊಂಡಿದ್ದೆ, ಆ ಹೆಣ್ಣುದನಿ ಏಳ್ತಿದ್ದಂಗೆ ನಲ್ಲಿ ನಿಲ್ಸಿ ಸುಮ್ನೆ ನಿಂತ್ಬಿಟ್ಟೆ. ಇದನ್ನ 1988ರಲ್ಲಿ ಯುಗೊಸ್ಲಾವಿಯಾದ ನಿರ್ದೇಶಕ ಕುಸ್ತುರಿತ್ಸಾ ಸಿನಿಮಾಗೆ ಕೂರಿಸಿದ ಗೊರಾನ್ ಬ್ರೆಗೊವಿಚ್ ಪಕ್ಕಾ ರಾಕ್ ಗಿಟಾರಿಸ್ಟ್ ಗೊತ್ತಾ! 1974ರಲ್ಲಿ ಸರಾಯೆವೊದಲ್ಲಿ ಶುರುವಾದ ಇವನ ಬ್ಯಾಂಡು ಬಿಯೆಲೊ ದುಗ್ಮೆ, ಅಂದ್ರೆ ಬಿಳಿ ಗುಂಡಿ, ಅಂಗಿ ಗುಂಡಿ ಕಣ್ರೀ, ಇಡೀ ಯುಗೊಸ್ಲಾವಿಯಾನ ಕುಣಿಸ್ತು. 1989ಕ್ಕೆ ಬ್ಯಾಂಡ್ ಮುಗೀತು, ಆಮೇಲೆ ದೇಶಾನೇ ಒಡೆದೋಯ್ತು, ಇವನು ಪ್ಯಾರಿಸ್ ಸೇರ್ಕೊಂಡು ಸಿನಿಮಾಗೆ ಮ್ಯೂಸಿಕ್ ಮಾಡ್ತಾ ಕೂತ. ಎಡೆರ್ಲೆಜಿ ರೋಮಾ, ಅಂದ್ರೆ ಜಿಪ್ಸಿ ಜನರ ಹಳೇ ಹಾಡು, ಹೆಸರು ಮಾತ್ರ ಇವನಿಗೆ ಬಂತು, ಅದೊಂದು ನಂಗೆ ಕಿರಿಕಿರಿನೇ. ಆದ್ರೂ 'ಅಂಡರ್‌ಗ್ರೌಂಡ್' ಸಿನಿಮಾಗೆ ಇವನು ಮಾಡಿದ ಆ ಹುಚ್ಚು ತುತ್ತೂರಿ ಮ್ಯೂಸಿಕ್ ಕೇಳಿದ್ರೆ ಜಗಳ ಮರ್ತೋಗತ್ತೆ. ಈಗಿನ ಗುಂಪಿನ ಹೆಸರೇ ಮದ್ವೆ-ಸಾವಿನ ಆರ್ಕೆಸ್ಟ್ರಾ, ಎರಡಕ್ಕೂ ಒಂದೇ ವಾಲಗ! ಪಾತ್ರೆ ಇನ್ನೂ ಸಿಂಕಲ್ಲೇ ಇದೆ.