ಯಾವ ಚಕ್ರ, ಮೇಡಂ?

ಕಾರಿನ ಕೈಪಿಡಿಯೊಂದರ ಅನುವಾದ. ಶೀಟಿನ ತುಂಬ ಬಿಡಿಬಿಡಿ ಸಾಲುಗಳು, ನಮ್ಮ ಕಸುಬಿನ ಮಾತಿನಲ್ಲಿ ಸ್ಟ್ರಿಂಗ್‌ಗಳು. ಒಂದಕ್ಕೂ ಹಿಂದಿಲ್ಲ ಮುಂದಿಲ್ಲ, ಚಿತ್ರದ ಮಾತಂತೂ ಕೇಳಲೇಬೇಡಿ. ಒಂದು ಸಾಲಿನಲ್ಲಿ ಬರೀ ‘ಲಿಂಪ್ ಮೋಡ್’. ಯಂತ್ರದ ಸಲಹೆ ‘ಮೆತ್ತನೆಯ ವಿಧಾನ’. ವಿಶೇಷಣವಾದಾಗ ಲಿಂಪ್ ಎಂದರೆ ಬಿಗಿಯಿಲ್ಲದ್ದು, ಜೋತುಬಿದ್ದದ್ದು. ಯಂತ್ರ ಅದನ್ನೇ ಹಿಡಿದುಕೊಂಡಿದೆ ಎಂದು ಒಬ್ಬಳೇ ನಕ್ಕೆ. ಕ್ರಿಯಾಪದ ನನಗೆ ಗೊತ್ತಿತ್ತಲ್ಲ! ‘ಕುಂಟು ಸ್ಥಿತಿ’ ಎಂದು ತುಂಬಿದೆ. ಮುಂದಿನ ಸಾಲಿಗೆ ‘ವಾಹನ ಕುಂಟುತ್ತಾ ಚಲಿಸುತ್ತದೆ’ ಎಂದು ಬರೆದು ಕನ್ಫರ್ಮ್ ಒತ್ತಿದೆ. ಹಿಂದಿನ ಅನುವಾದಗಳನ್ನು ನೆನಪಿಟ್ಟುಕೊಳ್ಳುವ ಟಿಎಂ (ಟ್ರಾನ್ಸ್‌ಲೇಷನ್ ಮೆಮೊರಿ) ಅದನ್ನು ಇನ್ನೂ 14 ಕಡೆ ತಾನಾಗಿಯೇ ಹರಡಿತು.

ರಿವ್ಯೂ ಕಾಲ್‌ನಲ್ಲಿ ಪರಿಶೀಲಕರು ಆ ಸಾಲಿಗೆ ಬಂದು ನಿಂತರು. ಗ್ಯಾರೇಜಿನಲ್ಲಿ ಕೈ ಕಪ್ಪು ಮಾಡಿಕೊಂಡು ಬಂದ ಹಿರಿಯರು.

‘ಯಾವ ಚಕ್ರ, ಮೇಡಂ?’

ನನಗೆ ತಲೆಬುಡ ತಿಳಿಯಲಿಲ್ಲ.

‘ಕುಂಟುತ್ತದೆ ಎಂದಿದ್ದೀರಿ. ಓದಿದವನು ಕಾರು ನಿಲ್ಲಿಸಿ, ಇಳಿದು ಟೈರ್ ನೋಡುತ್ತಾನೆ.’

ಅಷ್ಟಕ್ಕೇ ಒಪ್ಪಿಕೊಂಡಿದ್ದರೆ ಮರ್ಯಾದೆ ಉಳಿಯುತ್ತಿತ್ತು. ನಾನು ನಿಘಂಟು ತೆರೆದು ಮೊದಲ ಅರ್ಥವನ್ನು ಗಟ್ಟಿಯಾಗಿ ಓದಿದೆ. ಅವರು ಕೊನೆಯವರೆಗೂ ಕೇಳಿಸಿಕೊಂಡರು, ಅದೇ ಹೆಚ್ಚು ಚುಚ್ಚಿದ್ದು. ಮ್ಯೂಟ್‌ನಲ್ಲಿದ್ದ ಪ್ರಾಜೆಕ್ಟ್ ಮ್ಯಾನೇಜರರ ಭುಜಗಳು ಕುಲುಕುತ್ತಿದ್ದವು. ಆಮೇಲೆ ಹಿರಿಯರು ನಿಧಾನವಾಗಿ ಬಿಡಿಸಿ ಹೇಳಿದರು: ಎಂಜಿನ್‌ನಲ್ಲೋ ಗೇರ್‌ಬಾಕ್ಸ್‌ನಲ್ಲೋ ದೋಷ ಕಂಡರೆ ಕಾರಿನ ಕಂಪ್ಯೂಟರ್ ಎಂಜಿನ್ನಿನ ಶಕ್ತಿಯನ್ನು ತಗ್ಗಿಸುತ್ತದೆ, ಹಾನಿ ಬೆಳೆಯದಂತೆ ಗ್ಯಾರೇಜ್ ಮುಟ್ಟುವಷ್ಟನ್ನು ಮಾತ್ರ ಉಳಿಸುತ್ತದೆ.

ನಿಘಂಟಿನಲ್ಲಿ ಎರಡನೆಯ ಅರ್ಥ ಅದೇ ಪುಟದಲ್ಲಿತ್ತು. ಪೆಟ್ಟು ತಿಂದ ಹಡಗು ತೆವಳಿಕೊಂಡು ಬಂದರು ಸೇರಿದರೂ ಇಂಗ್ಲಿಷಿನಲ್ಲಿ ಅದು ಲಿಂಪ್. 1970ರಲ್ಲಿ ಆಮ್ಲಜನಕದ ತೊಟ್ಟಿ ಸಿಡಿದ ಮೇಲೂ ಮೂವರನ್ನು ಭೂಮಿಗೆ ಮರಳಿ ತಂದ ಅಪೋಲೊ 13 ನೌಕೆಗೂ ಆ ಮಾತನ್ನು ಬಳಸುವುದುಂಟು. ಅದರಲ್ಲಿ ಪೆಟ್ಟಿನ ಜೊತೆ ಮನೆ ಮುಟ್ಟುವ ಹಟವೂ ಇದೆ. ನಮ್ಮಲ್ಲಿ ಕುಂಟುವುದು ಕಾಮಗಾರಿ. ಕುಂಟು ಎನಿಸಿಕೊಳ್ಳುವುದು ನೆಪ. ಎರಡೂ ದೂರುಗಳೇ. ಕಾರಿನ ಜಾಣತನಕ್ಕೆ ನಾನು ಸೋಮಾರಿ ಗುತ್ತಿಗೆದಾರನ ಪದ ಹಚ್ಚಿದ್ದೆ.

ಕೈಪಿಡಿಗೆ ‘ಸೀಮಿತ ಶಕ್ತಿಯ ಚಾಲನೆ’ ಎಂದು ತಿದ್ದಿದೆವು. ‘ಕುಂಟು ಸ್ಥಿತಿ’ ಸೇರಿಕೊಂಡ ಗ್ಲಾಸರಿಗೆ, ಅಂದರೆ ಒಪ್ಪಿತ ಪದಗಳ ಪಟ್ಟಿಗೆ, ಮಾತ್ರ ಬೀಗ. ತೆಗೆಯಲು ಮೂವರ ಒಪ್ಪಿಗೆ ಬೇಕಂತೆ, ಮೇಲ್ ಕಳುಹಿಸಿದ್ದೇನೆ. ಅಲ್ಲಿಯವರೆಗೆ ಲಿಂಪ್ ಬಂದಾಗಲೆಲ್ಲ ಟೂಲ್ ‘ಕುಂಟು ಸ್ಥಿತಿ, 100% ಹೊಂದಿಕೆ’ ಎಂದು ಹಸಿರು ಬಣ್ಣದಲ್ಲಿ ತೋರಿಸುತ್ತದೆ, ಪಕ್ಕದಲ್ಲಿ ನನ್ನ ಹೆಸರಿನೊಂದಿಗೆ.