ಪಾತ್ರೆ ತೊಳೆಯುವ ತೊಟ್ಟಿಯ ಬಳಿ ಒಂದು ಭಾನುವಾರ

2024ರ ಮಾರ್ಚ್ ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಹತ್ತರ ಹೊತ್ತಿಗೆ, ನಾನು ಸೂಪರ್‌ವೈಸರ್ ಆಗಿದ್ದ ದಕ್ಷಿಣ ಬೆಂಗಳೂರಿನ ಸಸ್ಯಾಹಾರಿ ಹೋಟೆಲಿನಲ್ಲಿ ತೊಳೆದ ಲೋಟಗಳು ಮುಗಿದುಹೋದವು. ಕಾಫಿ ಕೌಂಟರಿನ ಮುಂದೆ ಜನ ಟೋಕನ್ ಹಿಡಿದು ನಿಂತಿದ್ದರು. ನಾನು ಹಿಂದಕ್ಕೆ ಓಡಿದೆ. ಪಾತ್ರೆ ತೊಳೆಯುವ ತೊಟ್ಟಿಯಲ್ಲಿ ನಲ್ಲಿಯನ್ನು ಪೂರ್ತಿ ತಿರುಗಿಸಿದ್ದರು, ನೀರು ರಭಸದಿಂದ ಸುರಿಯುತ್ತಿತ್ತು. ಎರಡು ದಿನಗಳ ಹಿಂದಷ್ಟೇ ಅದಕ್ಕೆ ಕೂರಿಸಿದ್ದ ಏರೇಟರ್, ಅಂದರೆ ನೀರಿಗೆ ಗಾಳಿ ಬೆರೆಸಿ ಹರಿವು ತಗ್ಗಿಸುವ ಪುಟ್ಟ ಜಾಲರಿ ಮೂತಿ, ಪಕ್ಕದ ಕಟ್ಟೆಯ ಮೇಲೆ, ಸೋಪಿನ ಡಬ್ಬಿಯ ಬಳಿ ಬಿದ್ದಿತ್ತು.

ಆ ದಿನಗಳ ಬೆಂಗಳೂರನ್ನು ಕಂಡವರಿಗೆ ನನ್ನ ಕೋಪ ಅರ್ಥವಾದೀತು. ನಗರದ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆಯೆಂದು ಮುಖ್ಯಮಂತ್ರಿಗಳೇ ಹೇಳಿದ್ದರು. ಹೋಟೆಲುಗಳ ನಲ್ಲಿಗಳಿಗೆ ಏರೇಟರ್ ಹಾಕಲೇಬೇಕೆಂದು ಜಲಮಂಡಳಿ ಆದೇಶ ಹೊರಡಿಸಿತ್ತು. ತೊಳೆಯುವ ನೀರು ಉಳಿಸಲು ಕೆಲವು ಹೋಟೆಲಿನವರು ಕಾಗದದ ಲೋಟ, ತಟ್ಟೆಗಳಿಗೆ ಬದಲಾಗಿದ್ದರೂ ನಮ್ಮ ಸಾಹುಕಾರರು ಒಪ್ಪಿರಲಿಲ್ಲ. ಕಾಗದದ ಲೋಟದ ಒಳಮೈಗೂ ಪ್ಲಾಸ್ಟಿಕ್ಕಿನ ತೆಳುಪದರ ಇರುತ್ತದೆ, ನೀರು ಉಳಿಸಲು ಹೋಗಿ ಕಸ ಹೆಚ್ಚಿಸುವುದು ಬೇಡ ಎಂಬುದು ಅವರ ವಾದ. ಅದು ಸರಿಯಾದ ವಾದವೆಂದೇ ಇಂದಿಗೂ ನಂಬಿದ್ದೇನೆ. ಆದರೆ ಆ ನಿರ್ಧಾರದ ಭಾರವೆಲ್ಲ ತೊಟ್ಟಿಯ ಮುಂದೆ ನಿಂತ ಮೂವರು ಹೆಂಗಸರ ಕೈಗಳ ಮೇಲೆ ಬಿದ್ದಿದೆ ಎಂಬುದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

“ಯಾಕಕ್ಕಾ ಅದನ್ನು ತೆಗೆದಿರಿ? ಊರಿಗೆಲ್ಲ ನೀರಿಲ್ಲ ಅಂತ ಗೊತ್ತಿಲ್ವಾ?” ಎಂದು ಗದರಿದೆ.

ಯಾದಗಿರಿ ಕಡೆಯ ಆ ಅಕ್ಕ ಮಾತಿಗೆ ಮೊದಲು ಒಂದು ಲೋಟವನ್ನು ನನ್ನ ಕೈಗಿಟ್ಟರು. ಒಳಗಿನ ಅಂಚಿಗೆ ಹಾಲಿನ ಕೆನೆ, ತಳದಲ್ಲಿ ಬೆರಳು ಜಾರುವಷ್ಟು ಜಿಡ್ಡು. “ನೀರಿನ ಬೆಲಿ ನಮಗ ಹೇಳಬ್ಯಾಡ್ರಿ ಅಣ್ಣಾರ. ನಾ ಎರಡು ಮೈಲಿಯಿಂದ ಕೊಡ ಹೊತ್ತು ಬೆಳದಾಕಿ. ಈ ನಳದಾಗ ಜಿಡ್ಡು ಹೋಗೂದಿಲ್ಲ. ಹೋಗದಿದ್ರ ಗಿರಾಕಿ ಬೈಯೂದು ನಿಮಗ, ನೀವು ಬೈಯೂದು ನಮಗ. ಬೋರ್ಡ್ ಹಚ್ಚೋರು ನೀವು, ನೀರಾಗ ಕೈ ಇಡೋರು ನಾವು.”

ಗೋಡೆಯ ಮೇಲೆ ‘ನೀರು ಉಳಿಸಿ’ ಎಂಬ ಫಲಕವನ್ನು ತೂಗುಹಾಕಿದವನು ನಾನೇ. ಉತ್ತರ ಹೊಳೆಯದೆ, ತೋಳು ಮಡಚಿ ಅವರ ಪಕ್ಕದಲ್ಲಿ ನಿಂತು ಏರೇಟರನ್ನು ಮತ್ತೆ ತಿರುಗಿಸಿ ಹಾಕಿ ಲೋಟ ತೊಳೆಯತೊಡಗಿದೆ. ಕೈ ತೊಳೆಯಲು ಸಾಕಾಗುವ ಆ ನೊರೆನೊರೆಯಾದ ನೀರು ಸಾಂಬಾರಿನ ಬಟ್ಟಲಿನ ಎಣ್ಣೆಯನ್ನು ಅಲುಗಾಡಿಸಲೂ ಇಲ್ಲ. ಮೊದಲು ಒಮ್ಮೆ ಹಿಡಿದರೆ ಸಾಕಾಗುತ್ತಿದ್ದ ಲೋಟವನ್ನು ಎರಡು ಮೂರು ಸಲ ಹಿಡಿಯಬೇಕಾಯಿತು. ಅರ್ಧ ಗಂಟೆಯಲ್ಲಿ ನನ್ನ ಸೊಂಟ ಹಿಡಿದುಕೊಂಡಿತು. ಅವರ ಬೆರಳುಗಳ ಸಂದಿಯಲ್ಲಿ ಬಿಳಿಚಿಕೊಂಡು ಬಿರಿದ ಚರ್ಮವನ್ನು ಅಷ್ಟು ಹತ್ತಿರದಿಂದ ನಾನು ನೋಡಿದ್ದು ಅದೇ ಮೊದಲು.

ಮಧ್ಯಾಹ್ನ ಮೂರಕ್ಕೆ ಗಿರಾಕಿಗಳು ಕಡಿಮೆಯಾದಾಗ ಸಾಹುಕಾರರನ್ನೂ ತೊಟ್ಟಿಯ ಬಳಿಗೆ ಕರೆತಂದೆ. “ಹಂಗಾದ್ರೆ ಹೆಂಗೆ ಮಾಡೋಣ, ನೀವೇ ಹೇಳಿ,” ಎಂದರು ಅವರು. ಅಕ್ಕ ಹೇಳಿದ್ದು ಅವರ ಹಳ್ಳಿಯ ಮದುವೆಮನೆಯ ಕ್ರಮ. ತಟ್ಟೆಯ ಮುಸುರೆಯನ್ನು ಮೊದಲೇ ಹಸಿ ಕಸದ ಡ್ರಮ್ಮಿಗೆ ಕೆರೆದು ಹಾಕಬೇಕು. ಮೊದಲ ಟಬ್ಬಿನಲ್ಲಿ ಬಾಯ್ಲರಿನ ಬಿಸಿನೀರು, ಅದರಲ್ಲಿ ಪಾತ್ರೆ ನೆನೆಯಬೇಕು, ಎರಡನೆಯದರಲ್ಲಿ ಉಜ್ಜಬೇಕು, ಮೂರನೆಯದರಲ್ಲಿ ಅದ್ದಿ ತೆಗೆದ ಮೇಲೆ ಒಂದು ಕ್ಷಣ ನಲ್ಲಿಯ ಕೆಳಗೆ ಹಿಡಿದರಾಯಿತು, ಅದಕ್ಕೆ ಏರೇಟರಿನ ನೀರೇ ಸಾಕು. ಅಂದು ಸಂಜೆಯೇ ಮೂರು ಟಬ್ ಬಂದವು. ಅವರು ಕೇಳಿದ್ದ ರಬ್ಬರ್ ಕೈಗವಸುಗಳು ಮಾತ್ರ ಬರಲು ಇನ್ನೂ ಒಂದು ವಾರ ಹಿಡಿಯಿತು. ಆ ತಡಕ್ಕೆ ನಾನೇ ಹೊಣೆ, ಅದು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಅಡುಗೆಮನೆಯ ಕುಂದಾಪುರದ ಭಟ್ಟರ ಅಸಮಾಧಾನಕ್ಕೂ ಇಂಥದೇ ಬೇರು ಇತ್ತೆಂಬುದು ನನಗೆ ತಿಳಿದದ್ದು ಅಂದು ರಾತ್ರಿ. ಕರಿದ ಎಣ್ಣೆಯಲ್ಲಿ ಧ್ರುವೀಯ ಸಂಯುಕ್ತಗಳ (ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದಂತೆ ಅದು ಕೆಟ್ಟು ಹೆಚ್ಚುವ ಪದಾರ್ಥಗಳ) ಪ್ರಮಾಣ ಶೇ. 25 ಮೀರಿದರೆ ಅದನ್ನು ಅಡುಗೆಗೆ ಬಳಸಬಾರದೆಂಬ ಆಹಾರ ಸುರಕ್ಷತಾ ನಿಯಮ 2018ರ ಜುಲೈಯಿಂದ ಜಾರಿಯಲ್ಲಿದೆ. ಅಂಥ ಎಣ್ಣೆಯನ್ನು ನಾವು ಬಯೋಡೀಸೆಲ್ ತಯಾರಿಸುವವರಿಗೆ ಕೊಡಲು ಆರಂಭಿಸಿದಾಗಿನಿಂದ ಭಟ್ಟರು ಮುಖ ಗಂಟಿಕ್ಕಿಕೊಂಡಿದ್ದರು. ಹಳೆಯ ಪದ್ಧತಿಯೇ ಅವರಿಗೆ ಪ್ರಿಯವೆಂದು ನಾನು ತಿಳಿದಿದ್ದೆ. ಕಾರಣ ಬೇರೆಯಿತ್ತು. ಮೊದಲು ಖಾಲಿ ಡಬ್ಬ, ರಟ್ಟು, ಹಳೆ ಎಣ್ಣೆ ಮಾರಿದ ಹಣ ಅಡುಗೆಮನೆಯವರಿಗೆ ಸೇರುತ್ತಿತ್ತು. ಹೊಸ ಏರ್ಪಾಡಿನಲ್ಲಿ ಎಣ್ಣೆಯ ಹಣ ನೇರವಾಗಿ ಗಲ್ಲಾಕ್ಕೆ ಹೋಗುತ್ತಿತ್ತು. ಅದನ್ನು ಮತ್ತೆ ಅವರ ಪಾಲಿಗೇ ಬಿಟ್ಟ ಮೇಲೆ, ಎಣ್ಣೆ ಬದಲಿಸಿದ ದಿನವನ್ನು ಭಟ್ಟರೇ ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಬರೆದಿಡತೊಡಗಿದರು.

ಸಪ್ಲೈಯರ್ ಹುಡುಗರ ಮಾತು ಬೇರೆ. ಪಾರ್ಸೆಲ್‌ಗೆ ಮನೆಯಿಂದ ಡಬ್ಬಿ ತರುವ ಗಿರಾಕಿಗಳು “ನಿಮ್ಮ ಹೋಟೆಲಿನಲ್ಲಿ ಒಳ್ಳೆಯ ಕ್ರಮ ಇದೆ” ಎಂದು ಹೇಳುವುದು ಅವರ ಕಿವಿಗೇ ಬೀಳುತ್ತದೆ. ಅವರು ಅದರಲ್ಲಿ ಹೆಮ್ಮೆಪಡುತ್ತಾರೆ. ಆ ಮಾತು ಗೋಡೆ ದಾಟಿ ತೊಟ್ಟಿಯವರೆಗೆ ಬರುವುದಿಲ್ಲ. ಒಂದೇ ಹೋಟೆಲಿನಲ್ಲಿ, ಒಂದೇ ಕ್ರಮದ ಬಗ್ಗೆ ಮುಂದಿನವರಿಗೆ ಉತ್ಸಾಹವೂ ಹಿಂದಿನವರಿಗೆ ಬೇಸರವೂ ಇದ್ದದ್ದಕ್ಕೆ ಅವರವರ ತಿಳಿವಳಿಕೆಯ ಹೆಚ್ಚುಕಡಿಮೆ ಕಾರಣವಲ್ಲ. ಪರಿಸರವನ್ನು ನಮ್ಮೆಲ್ಲರಿಗಿಂತ ಹತ್ತಿರದಿಂದ ಬಲ್ಲವರು ತೊಟ್ಟಿಯ ಬಳಿ ಇದ್ದರು, ಅವರನ್ನು ಯಾರೂ ಕೇಳಿರಲಿಲ್ಲ, ಅಷ್ಟೇ.

ಜೂನಿನಲ್ಲಿ ಮಳೆ ಹಿಡಿದಾಗ ಆ ಅಕ್ಕ ಬಿತ್ತನೆಗೆಂದು ಊರಿಗೆ ಹೋದವರು ಮರಳಿ ಬರಲಿಲ್ಲ. ಸಂಬಳ ಹೆಚ್ಚಿಸಿದ್ದರೆ ಬರುತ್ತಿದ್ದರೇನೋ. ಅದನ್ನು ನಾವು ಮಾಡಿರಲಿಲ್ಲ. ಅವರ ಜಾಗಕ್ಕೆ ಹೊಸಬಳೊಬ್ಬಳು ಬಂದ ದಿನ ನಾನು ಕಾಫಿ ಕೌಂಟರಿನ ಬಳಿ ನಿಂತಿದ್ದೆ. ಒಳಗಿನಿಂದ ಉಳಿದಿಬ್ಬರಲ್ಲಿ ಒಬ್ಬರ ದನಿ ಕೇಳಿಸಿತು: “ನಲ್ಲಿ ಆಮೇಲೆ ಬಿಡು ತಂಗಿ, ಮೊದಲು ಮುಸುರೆ ಕೆರೆದು ಡ್ರಮ್ಮಿಗೆ ಹಾಕು.”