ದೆವ್ವ ಹಗಲಲ್ಲಿ ಎಲ್ಲಿರುತ್ತೆ?

ಪಕ್ಕದ ಮನೆಯ ಎಂಟು ವರ್ಷದ ಹುಡುಗಿ ಮೊನ್ನೆ ಬೇಲಿಯಾಚೆ ನಿಂತು ಕೇಳಿದ ಪ್ರಶ್ನೆ ಇದು. ಅವಳ ತಾಯಿ ಇಂಗ್ಲೆಂಡಿನ ನಾರ್ತಂಬರ್ಲೆಂಡ್ ಪ್ರಾಂತ್ಯದ ಚಿಲಿಂಗಮ್ ಕೋಟೆಯಲ್ಲಿ ರಾತ್ರಿಯಿಡೀ ದೆವ್ವ ಹುಡುಕಲು ಟಿಕೆಟ್ ತೆಗೆದುಕೊಂಡಿದ್ದಾರೆ. ಹದಿನೆಂಟು ತುಂಬದವರನ್ನು ಒಳಗೆ ಬಿಡುವುದಿಲ್ಲ ಎಂದು ತಿಳಿದು ಮಗಳಿಗೆ ಸಿಟ್ಟು. "ಕತ್ತಲಲ್ಲಿ ಏನೂ ಕಾಣಲ್ಲ. ಹಗಲಲ್ಲಿ ಹುಡುಕಿದ್ರೆ ಬೇಗ ಸಿಗುತ್ತಲ್ವಾ?" ಅಂದಳು. ತಾಯಿ ನಕ್ಕು ಒಳಗೆ ಹೋದರು. ನನಗೆ ಮಾತ್ರ ಆ ಪ್ರಶ್ನೆ ನಗುವಂಥದ್ದಲ್ಲ ಅನಿಸಿತು. ದೆವ್ವದ ಶೋಧವನ್ನು ಶ್ರದ್ಧೆಯಿಂದ ಮಾಡುವವರು ಮೊದಲು ಉತ್ತರಿಸಬೇಕಾದ ಪ್ರಶ್ನೆಯೇ ಅದು.

ಈ ದೇಶದಲ್ಲಿ ಇದು ದೊಡ್ಡ ಹವ್ಯಾಸ. 1882ರಲ್ಲಿ ಲಂಡನ್ನಿನಲ್ಲಿ ಅತೀಂದ್ರಿಯ ಘಟನೆಗಳ ಅಧ್ಯಯನಕ್ಕೆಂದೇ ಒಂದು ಸಂಸ್ಥೆ ಹುಟ್ಟಿತು, ಅದು ಇಂದಿಗೂ ಇದೆ. 1936ರಲ್ಲಿ ಹ್ಯಾರಿ ಪ್ರೈಸ್ ಎಂಬ ದೆವ್ವ ಶೋಧಕ ಕೆಂಟ್ ಪ್ರಾಂತ್ಯದ ಒಂದು 'ದೆವ್ವದ ಮನೆ'ಯಿಂದ ಬಿಬಿಸಿ ರೇಡಿಯೋದಲ್ಲಿ ನೇರ ಪ್ರಸಾರವನ್ನೇ ಮಾಡಿದ. ಈಗ ಚಿಲಿಂಗಮ್, ಟಟ್ಬರಿಯಂಥ ಕೋಟೆಗಳಲ್ಲಿ ಚಳಿಗಾಲದ ವಾರಾಂತ್ಯಗಳು ಇದಕ್ಕೇ ಮೀಸಲು. ರಾತ್ರಿ ಒಂಬತ್ತರ ಸುಮಾರಿಗೆ ಒಳಗೆ ಬಿಟ್ಟು, ನಸುಕಿನ ಎರಡು ಮೂರಕ್ಕೋ ಬೆಳಗಾದ ಮೇಲೋ ಹೊರಗೆ ಕಳಿಸುತ್ತಾರೆ. ನಿಯಮಗಳು ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ: ಕುಡಿದು ಬರುವಂತಿಲ್ಲ, ಮೇಣದಬತ್ತಿ ಹಚ್ಚುವಂತಿಲ್ಲ, ಬೆಂಕಿ ಬಿದ್ದಾಗ ಓಡುವ ದಾರಿಗೆ ಸಾಮಾನು ಅಡ್ಡ ಇಡುವಂತಿಲ್ಲ. ಸುತ್ತು ಮೆಟ್ಟಿಲುಗಳಲ್ಲಿ ಒಬ್ಬರೇ ಹೋಗಬಾರದು. ಶತಮಾನಗಳಿಂದ ಸವೆದ ಕಲ್ಲು, ಒಂದೊಂದು ಮೆಟ್ಟಿಲಿಗೂ ಒಂದೊಂದು ಎತ್ತರ. ಇಂಥ ರಾತ್ರಿಯಲ್ಲಿ ನಿಜವಾಗಿ ಹೆದರಬೇಕಾದದ್ದು ಇದ್ದರೆ ಅದು ಮೆಟ್ಟಿಲಿಗೆ.

ಹುಡುಗಿಯ ಪ್ರಶ್ನೆಗೆ ಬರೋಣ. ರಾತ್ರಿಯೇ ಯಾಕೆ? ಜನರ ಗಲಾಟೆ ಇರುವುದಿಲ್ಲ, ಸಣ್ಣ ಸದ್ದೂ ಕೇಳುತ್ತದೆ ಎಂಬ ಕಾರಣ ಸರಿಯಾದದ್ದೇ. ಆದರೆ ಕತ್ತಲು ಕಿವಿಗೆ ಕೊಟ್ಟದ್ದನ್ನು ಕಣ್ಣಿನಿಂದ ಕಿತ್ತುಕೊಳ್ಳುತ್ತದೆ. ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆ ಬೇಕು. ಯಾರೋ ಒಬ್ಬರು ಮೊಬೈಲ್ ತೆರೆದರೆ ಸಾಕು, ಆ ಅರ್ಧ ಗಂಟೆ ವ್ಯರ್ಥ. ಅದಕ್ಕೇ ಅನುಭವಸ್ಥರು ಕೆಂಪು ಬೆಳಕಿನ ಟಾರ್ಚ್ ಹಿಡಿಯುತ್ತಾರೆ. ಪೂರ್ತಿ ಕತ್ತಲ ಕೋಣೆಯಲ್ಲಿ ಒಂದೇ ಒಂದು ಸಣ್ಣ ಬೆಳಕಿನ ಚುಕ್ಕೆಯನ್ನು ನೋಡುತ್ತಾ ಕೂತರೆ, ಸ್ವಲ್ಪ ಹೊತ್ತಿಗೆ ಅದು ತಾನಾಗಿ ತೇಲಾಡಿದಂತೆ ಕಾಣುತ್ತದೆ. ಚುಕ್ಕೆ ಅಲುಗಿರುವುದಿಲ್ಲ, ಸುತ್ತ ಆಧಾರಕ್ಕೆ ಬೇರೇನೂ ಕಾಣದಾಗ ಮೆದುಳು ಕಣ್ಣಿನ ಸಣ್ಣ ಚಲನೆಗಳನ್ನೇ ಚುಕ್ಕೆಯ ಚಲನೆ ಎಂದುಕೊಳ್ಳುತ್ತದೆ. ಮಂದ ಬೆಳಕಲ್ಲಿ ಕನ್ನಡಿ ಮುಂದೆ ಹತ್ತು ನಿಮಿಷ ಕೂತವರಿಗೆ ತಮ್ಮ ಮುಖವೇ ವಿಕಾರವಾಗಿ, ಬೇರೆಯವರ ಮುಖವಾಗಿ ಕಾಣುವುದನ್ನು ಇಟಲಿಯ ಜಿಯೋವಾನ್ನಿ ಕಪೂಟೊ 2010ರಲ್ಲಿ ಪ್ರಯೋಗ ಮಾಡಿ ತೋರಿಸಿದರು. ದೆವ್ವದ ರಾತ್ರಿಗಳಲ್ಲಿ ಕನ್ನಡಿ ನೋಡಿಸುವ ಆಟ ಇದ್ದೇ ಇರುತ್ತದೆ. ಅದಕ್ಕೆ ಕೋಟೆ ಬೇಕಿಲ್ಲ, ಮನೆಯ ಬಚ್ಚಲೂ ಸಾಕು.

ಇನ್ನು ದೇಹ. ಬೆಳಗಿನ ಜಾವ ನಾಲ್ಕೈದರ ಹೊತ್ತಿಗೆ ಮೈಯ ಉಷ್ಣತೆ ದಿನದಲ್ಲೇ ಕನಿಷ್ಠಕ್ಕಿಳಿಯುತ್ತದೆ. ಕೂತಲ್ಲೇ ಒಂದೆರಡು ಸೆಕೆಂಡಿನ ತೂಕಡಿಕೆ ಬಂದು ಹೋಗುತ್ತದೆ, ಬಂದದ್ದು ಗೊತ್ತೇ ಆಗುವುದಿಲ್ಲ. ಆ ಕ್ಷಣದಲ್ಲಿ ಯಾರೋ ಹೆಸರು ಹಿಡಿದು ಕರೆದಂತೆ, ಭುಜ ಮುಟ್ಟಿದಂತೆ ಅನಿಸುವುದು ನಿದ್ದೆಯ ಹೊಸ್ತಿಲಿನ ಸಾಮಾನ್ಯ ಅನುಭವ. ಹಾಗಾಗಿ ಮೂರು ಗಂಟೆಯ ಮೇಲೆ ಬರೆದುಕೊಂಡ ಯಾವ ಟಿಪ್ಪಣಿಯ ಪಕ್ಕದಲ್ಲೂ, ಬರೆದವರು ಎಷ್ಟು ಹೊತ್ತಿನಿಂದ ಎಚ್ಚರವಿದ್ದಾರೆ ಎಂಬುದನ್ನು ಸೇರಿಸಬೇಕು. ಇದನ್ನು ಮಾಡುವ ತಂಡಗಳು ಕಡಿಮೆ.

ಹಗಲಿನ ಕೆಲಸ ಶುರುವಾಗುವುದು ಇಲ್ಲಿಂದ. ಹ್ಯಾರಿ ಪ್ರೈಸನ ಪೆಟ್ಟಿಗೆಯಲ್ಲಿ ಇದ್ದದ್ದು ಏನು ಗೊತ್ತೆ? ಸದ್ದಾಗದ ಫೆಲ್ಟ್ ಮೇಲ್ಬೂಟು, ಉಕ್ಕಿನ ಅಳತೆ ಟೇಪು, ಬಾಗಿಲುಗಳಿಗೆ ಮುದ್ರೆ ಹಾಕಲು ಸೀಸದ ಸೀಲು, ದಾರ, ಸೀಮೆಸುಣ್ಣ, ನೆಲ ಕಂಪಿಸಿದರೆ ತೋರಿಸಲು ಒಂದು ಬಟ್ಟಲು ಪಾದರಸ. ಹೆಚ್ಚಿನವು ಬೆಳಕಿರುವಾಗಲೇ ಬಳಸುವ ಸಾಮಾನು. ಆತನ ತೀರ್ಮಾನಗಳ ಬಗ್ಗೆ ಆಮೇಲೆ ಬಹಳ ಜಗಳಗಳಾದವು, ಆದರೆ ಪೆಟ್ಟಿಗೆ ಮಾತ್ರ ಸರಿಯಾಗಿತ್ತು.

ಮಧ್ಯಾಹ್ನವೇ ಹೋಗಿ. ಹೆಚ್ಚಿನ ಕೋಟೆಗಳು ಹಗಲಲ್ಲಿ ಸಾಮಾನ್ಯ ಟಿಕೆಟ್ಟಿಗೆ ತೆರೆದಿರುವ ದಿನಗಳಿವೆ. ಒಂದೊಂದು ಕೋಣೆಯ ನಕ್ಷೆಯನ್ನೂ ಕೈಯಲ್ಲೇ ಬರೆಯಿರಿ: ಬಾಗಿಲು, ಕಿಟಕಿ, ಅಗ್ಗಿಷ್ಟಿಕೆ, ಸ್ವಿಚ್ಚು, ಬಿಸಿನೀರಿನ ಕೊಳವೆ, ಹೊಗೆ ಪತ್ತೆ ಮಾಡುವ ಯಂತ್ರ. ಒಂದು ತೆಳು ಟಿಶ್ಯೂ ಕಾಗದದ ಪಟ್ಟಿಯನ್ನು ಬಾಗಿಲ ಸಂದಿ, ಚಿಮಣಿಯ ಬಾಯಿ, ನೆಲದ ಹಲಗೆಯ ಬಿರುಕುಗಳ ಮುಂದೆ ಹಿಡಿದರೆ ಗಾಳಿ ಎಲ್ಲಿಂದ ಎಲ್ಲಿಗೆ ಹರಿಯುತ್ತಿದೆ ಎಂಬುದು ತಿಳಿಯುತ್ತದೆ. 'ತಣ್ಣನೆಯ ಜಾಗ' ಎಂದು ಜನ ಬೆಚ್ಚುವ ಎಷ್ಟೋ ಮೂಲೆಗಳು ಹಳೆಯ ಚಿಮಣಿಯಿಂದ ಇಳಿಯುವ ಗಾಳಿಯ ಕೆಳಗೇ ಇರುತ್ತವೆ. ಉಷ್ಣಾಂಶವನ್ನು ನೆಲದ ಮಟ್ಟದಲ್ಲಿ, ಸೊಂಟದ ಮಟ್ಟದಲ್ಲಿ, ತಲೆಯ ಮಟ್ಟದಲ್ಲಿ ಬೇರೆಬೇರೆ ದಾಖಲಿಸಿ. ಕಲ್ಲಿನ ಕೋಣೆಯಲ್ಲಿ ಇವು ಮೂರೂ ಒಂದೇ ಆಗಿರುವುದಿಲ್ಲ.

ಇಲ್ಲಿ ಎಲ್ಲರೂ ಎಡವುವ ಒಂದು ಕಡೆ ಇದೆ. ಪಿಸ್ತೂಲಿನಂತೆ ಹಿಡಿದು ಕೆಂಪು ಚುಕ್ಕೆ ಬಿಡುವ ಥರ್ಮಾಮೀಟರು ಗಾಳಿಯನ್ನು ಅಳೆಯುವುದಿಲ್ಲ. ಅದು ಹೇಳುವುದು ಚುಕ್ಕೆಯ ಸುತ್ತಲಿನ ಮೇಲ್ಮೈ ಎಷ್ಟು ಬಿಸಿ ಎಂಬುದನ್ನು ಮಾತ್ರ. ಕೋಣೆಯ ನಡುವೆ 'ಏನೋ ತಣ್ಣಗೆ ನಿಂತಿದೆ' ಎಂದು ಅದನ್ನು ಗುರಿಯಿಟ್ಟರೆ ಸಿಗುವುದು ಎದುರು ಗೋಡೆಯ ಲೆಕ್ಕ. ಗಾಳಿಗೆ ತಂತಿಯ ತುದಿಯಲ್ಲಿ ಸೆನ್ಸರ್ ಇರುವ, ತಾನೇ ನಿಮಿಷಕ್ಕೊಮ್ಮೆ ದಾಖಲಿಸುವ ಸಣ್ಣ ಲಾಗರ್ ಬೇಕು. ಕೋಣೆಗೆ ಎರಡಾದರೂ ಇರಲಿ, ಒಂದು ಕೆಟ್ಟರೆ ಇನ್ನೊಂದು ಸಾಕ್ಷಿ.

ಕೆ2 ಮೀಟರಿನ ಕಥೆಯೂ ಇದೇ. ಐದು ಪುಟ್ಟ ದೀಪಗಳ ಈ ಪೆಟ್ಟಿಗೆ ಟೀವಿಯಲ್ಲಿ ದೆವ್ವದ ಕಾರ್ಯಕ್ರಮ ನೋಡಿದ ಎಲ್ಲರ ಕೈಯಲ್ಲೂ ಇರುತ್ತದೆ. ಅದು ಮಾಡಿದ್ದು ಮನೆಯ ವಿದ್ಯುತ್ ತಂತಿಗಳ ಸುತ್ತಲಿನ ಕ್ಷೇತ್ರ ಅಳೆಯಲು. ಒಂದೇ ದಿಕ್ಕಿನಲ್ಲಿ ಅಳೆಯುವುದರಿಂದ ಕೈ ತಿರುಗಿಸಿದರೂ ದೀಪ ಬದಲಾಗುತ್ತದೆ, ಹತ್ತಿರದ ಮೊಬೈಲ್ ಸಿಗ್ನಲ್ ಹುಡುಕಿದರೂ ಹೊತ್ತಿಕೊಳ್ಳುತ್ತದೆ. ದಪ್ಪ ಗೋಡೆಗಳ ಒಳಗೆ ಸಿಗ್ನಲ್ ಸಿಗದೆ ಮೊಬೈಲ್ ಇನ್ನೂ ಜೋರಾಗಿ ಹುಡುಕುತ್ತದೆ, ಮೀಟರೂ ಇನ್ನೂ ಜೋರಾಗಿ ಮಿನುಗುತ್ತದೆ. ಎಲ್ಲರ ಮೊಬೈಲನ್ನೂ ಏರೋಪ್ಲೇನ್ ಮೋಡ್‌ಗೆ ಹಾಕಿಸಿ, ಮೀಟರನ್ನು ಮೇಜಿನ ಮೇಲೆ ಅಲುಗದಂತೆ ಇಟ್ಟು, ಹಗಲಲ್ಲಿ ಅದೇ ಜಾಗದಲ್ಲಿ ಸಿಕ್ಕ ಲೆಕ್ಕದ ಜೊತೆ ಹೋಲಿಸಬೇಕು. ಹಗಲಿನ ಲೆಕ್ಕವೇ ಇಲ್ಲದಿದ್ದರೆ ರಾತ್ರಿಯ ದೀಪಕ್ಕೆ ಅರ್ಥವಿಲ್ಲ.

ಈ ಕೆಲಸವನ್ನು ನಿಜವಾಗಿ ಚೆನ್ನಾಗಿ ಮಾಡಿದವರೂ ಇದ್ದಾರೆ. ಕಂಬ್ರಿಯಾದ ಮನ್‌ಕಾಸ್ಟರ್ ಕೋಟೆಯ ಟ್ಯಾಪೆಸ್ಟ್ರಿ ರೂಮಿನಲ್ಲಿ ಮಲಗಿದವರಿಗೆ ಮಗು ಅಳುವ ಸದ್ದು ಕೇಳುತ್ತದೆ ಎಂಬ ಮಾತಿದೆ. ಸಂಶೋಧಕರಾದ ಜೇಸನ್ ಬ್ರೇತ್‌ವೇಟ್ ಮತ್ತು ಮೌರಿಸ್ ಟೌನ್‌ಸೆಂಡ್ ಆ ಹಾಸಿಗೆಯ ತಲೆದಿಂಬಿನ ಸುತ್ತಲ ಕಾಂತಕ್ಷೇತ್ರವನ್ನು ಅಳೆದು 2005ರಲ್ಲಿ ಪ್ರಕಟಿಸಿದರು. ಮಂಚದೊಳಗಿನ ಕಬ್ಬಿಣದ ಬಲೆಯಿಂದ ಅಲ್ಲಿ ಕ್ಷೇತ್ರ ಏರುಪೇರಾಗಿತ್ತು. ಅದಕ್ಕೂ ಮೊದಲು, ಕೊವೆಂಟ್ರಿಯ ಎಂಜಿನಿಯರ್ ವಿಕ್ ಟ್ಯಾಂಡಿ ತಮ್ಮ ಪ್ರಯೋಗಶಾಲೆಯಲ್ಲಿ ಕಂಡ ಬೂದು ಆಕೃತಿಯ ಮೂಲ ಹುಡುಕಿದ್ದನ್ನು 1998ರಲ್ಲಿ ಪ್ರಕಟಿಸಿದ್ದರು. ಹಿಡಿಕಟ್ಟಿನಲ್ಲಿ ಬಿಗಿದಿಟ್ಟ ಕತ್ತಿವರಸೆಯ ಅಲಗು ತಾನಾಗಿ ಕಂಪಿಸುವುದನ್ನು ಕಂಡು, ಹೊಸದಾಗಿ ಹಾಕಿದ ಫ್ಯಾನು ಸುಮಾರು 19 ಹರ್ಟ್ಜ್‌ನ, ಕಿವಿಗೆ ಕೇಳದ ಅಲೆ ಎಬ್ಬಿಸುತ್ತಿದೆ ಎಂದು ಕಂಡುಕೊಂಡರು. ಇಂಥ ಕ್ಷೇತ್ರ, ಅಲೆಗಳೇ ವಿಚಿತ್ರ ಅನುಭವ ಹುಟ್ಟಿಸುತ್ತವೆ ಎಂಬುದು ಕೇಳಿದವರಿಗೆಲ್ಲ ಇಷ್ಟವಾಗುವ ವಿವರಣೆ. ಆದರೆ 2009ರಲ್ಲಿ ಮನೋವಿಜ್ಞಾನಿ ಕ್ರಿಸ್ ಫ್ರೆಂಚ್ ಮತ್ತು ಸಂಗಡಿಗರು ಲಂಡನ್ನಿನಲ್ಲಿ ಒಂದು ಖಾಲಿ ಕೋಣೆ ಕಟ್ಟಿ, ಇಂಥ ಅಲೆಗಳನ್ನೂ ಕಾಂತಕ್ಷೇತ್ರವನ್ನೂ ಬೇಕೆಂದೇ ಹರಿಸಿ, 79 ಜನರನ್ನು 50 ನಿಮಿಷ ಒಳಗೆ ಬಿಟ್ಟರು. ಹಲವರಿಗೆ ವಿಚಿತ್ರ ಅನುಭವಗಳಾದವು. ಆದರೆ ಅಲೆ, ಕ್ಷೇತ್ರ ಇದ್ದಾಗಲೂ ಇಲ್ಲದಾಗಲೂ ವ್ಯತ್ಯಾಸ ಕಾಣಲಿಲ್ಲ. ಏನಾದರೂ ಆಗಬಹುದು ಎಂದು ಮೊದಲೇ ಹೇಳಿದ್ದೇ ಹೆಚ್ಚು ಕೆಲಸ ಮಾಡಿತ್ತು ಎಂಬುದು ಅವರ ಅಂದಾಜು. ಕೋಟೆಯ ಮಾರ್ಗದರ್ಶಕ ಬಾಗಿಲಲ್ಲೇ "ಈ ಕೋಣೆಯಲ್ಲಿ ಹಲವರಿಗೆ ಎದೆ ಬಿಗಿಯುತ್ತದೆ" ಎಂದುಬಿಟ್ಟರೆ, ಒಳಗಿನ ಅರ್ಧ ಜನರ ಎದೆ ಆಗಲೇ ಬಿಗಿದಿರುತ್ತದೆ. ಆದ್ದರಿಂದ ಕಥೆ ಹೇಳುವುದನ್ನು ರಾತ್ರಿಯ ಕೊನೆಗೆ ಇಟ್ಟುಕೊಳ್ಳುವ ಕೋಟೆಯನ್ನೇ ಆರಿಸಿಕೊಳ್ಳಿ.

ಸದ್ದುಗಳನ್ನು ಕಲಿತು ಹೋಗುವುದು ಎಲ್ಲಕ್ಕಿಂತ ಮುಖ್ಯ. ಜನವರಿಯಲ್ಲಿ ನರಿಗಳ ಬೆದೆಯ ಕಾಲ. ಹೆಣ್ಣುನರಿಯ ಕೂಗು ಹೆಂಗಸೊಬ್ಬಳು ಕಿರಿಚಿದಂತೆಯೇ ಇರುತ್ತದೆ. ಕಣಜದ ಗೂಬೆ 'ಗೂಕ್' ಎನ್ನುವುದಿಲ್ಲ, ಸೀಳುದನಿಯಲ್ಲಿ ಚೀರುತ್ತದೆ. ದಕ್ಷಿಣ ಇಂಗ್ಲೆಂಡಿನ ಹಳೆಯ ಓಕ್ ತೊಲೆಗಳೊಳಗೆ ವಸಂತದಲ್ಲಿ ಒಂದು ಜೀರುಂಡೆ ಸಂಗಾತಿಯನ್ನು ಕರೆಯಲು ಮರಕ್ಕೆ ತಲೆ ಬಡಿಯುತ್ತದೆ. ರೋಗಿಯ ಪಕ್ಕ ರಾತ್ರಿ ಎಚ್ಚರವಿದ್ದವರಿಗೆ ಆ ಟಕಟಕ ಕೇಳಿ, ಅದು ಸಾವಿನ ಸೂಚನೆ ಎಂದು ಹೆಸರಾಯಿತು. ಹೀಟರ್ ಆರಿದ ಮೇಲೆ ಕೊಳವೆಗಳು, ನೆಲದ ಹಲಗೆಗಳು ಕುಗ್ಗುತ್ತಾ ನಡಿಗೆಯಂತೆ ಒಂದಾದ ಮೇಲೊಂದು ಸದ್ದು ಮಾಡುತ್ತವೆ. ಹೀಟರ್ ಎಷ್ಟು ಗಂಟೆಗೆ ಆರುತ್ತದೆ ಎಂದು ಸಿಬ್ಬಂದಿಯನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಧ್ವನಿಮುದ್ರಣ ನಡೆಯುವಾಗ ಯಾರ ಹೊಟ್ಟೆ ಗುರುಗುಟ್ಟಿದರೂ, ಯಾರು ಕುರ್ಚಿ ಎಳೆದರೂ ಆಗಲೇ ಬಾಯಿಬಿಟ್ಟು "ಅದು ನನ್ನದು" ಎನ್ನಬೇಕು. ಆಮೇಲೆ ಕೇಳುವಾಗ ಇಬ್ಬರು ಬೇರೆಬೇರೆ ಕೋಣೆಯಲ್ಲಿ ಕೂತು, ಕೇಳಿದ್ದನ್ನು ಬರೆದು, ಕೊನೆಗೆ ಹೋಲಿಸಬೇಕು. ಒಬ್ಬರು "ಇಲ್ಲಿ 'ಹೋಗು' ಅಂತ ಕೇಳುತ್ತೆ" ಎಂದು ಮೊದಲೇ ಹೇಳಿದರೆ ಮತ್ತೆ ಯಾರಿಗೂ ಬೇರೆ ಕೇಳುವುದಿಲ್ಲ.

ಫೋಟೋದಲ್ಲಿನ ಬೆಳಕಿನ ಗೋಲಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ಲೆನ್ಸಿನ ಪಕ್ಕದಲ್ಲೇ ಫ್ಲಾಶ್ ಇದ್ದರೆ ಮುಂದಿನ ಧೂಳು ಗೋಲವಾಗುತ್ತದೆ, ಚಳಿಯಲ್ಲಿ ಬಿಟ್ಟ ಉಸಿರು ಮಂಜಾಗುತ್ತದೆ. ಸುತ್ತ ಕೂತು ಮೇಜಿನ ಮೇಲೆ ಕೈಯಿಟ್ಟು, ದೆವ್ವವೇ ಅದನ್ನು ಅಲುಗಿಸಿ ಉತ್ತರ ಕೊಡುತ್ತದೆ ಎನ್ನುವ 'ಮೇಜು ತಿರುಗಿಸುವ' ಆಟಕ್ಕೆ 1853ರಲ್ಲೇ ವಿಜ್ಞಾನಿ ಮೈಕೆಲ್ ಫ್ಯಾರಡೆ ಉತ್ತರ ಕೊಟ್ಟಾಗಿದೆ. ಕೈ ಮತ್ತು ಮೇಜಿನ ನಡುವೆ ಜಾರುವ ಪದರಗಳನ್ನಿಟ್ಟು, ಮೇಜು ಕೈಯನ್ನು ಎಳೆಯುವುದಿಲ್ಲ, ಕೂತವರಿಗೇ ತಿಳಿಯದಂತೆ ಅವರ ಕೈ ಮೇಜನ್ನು ತಳ್ಳುತ್ತದೆ ಎಂದು ತೋರಿಸಿದರು. ಮೋಸವಲ್ಲ, ಸ್ನಾಯುಗಳ ಸಣ್ಣ ಚಲನೆ. ಅಷ್ಟಿದ್ದೂ ಒಂದು ರಾತ್ರಿಯ ಹೆಚ್ಚಿನ ಹೊತ್ತು ಇದಕ್ಕೇ ಹೋಗುವುದು ನನಗೆ ಬೇಸರ. ಇತ್ತೀಚೆಗೆ ತೀರಿಕೊಂಡವರ ನೆನಪಲ್ಲಿ ಬಂದವರು ಆ ಮೇಜಿನ ಸುತ್ತ ಕೂತಿರುತ್ತಾರೆ. ಅವರಿಗೆ 'ಉತ್ತರ' ಕೊಡಿಸುವುದು ತಪ್ಪು.

ಜೊತೆಗಿರಬೇಕಾದದ್ದು: ಉಣ್ಣೆಯ ಎರಡು ಪದರ, ಗಟ್ಟಿ ಅಟ್ಟೆಯ ಆದರೆ ಸದ್ದು ಮಾಡದ ಬೂಟು, ಥರ್ಮಾಸಿನಲ್ಲಿ ಬಿಸಿ ಚಹಾ, ಹೆಚ್ಚುವರಿ ಬ್ಯಾಟರಿ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ. 'ದೆವ್ವ ಶಕ್ತಿ ಹೀರಿತು' ಎಂಬ ಮಾತು ಹುಟ್ಟುವುದೂ ಅಲ್ಲಿಂದಲೇ. ಬ್ಯಾಟರಿಯನ್ನು ಒಳಜೇಬಿನಲ್ಲಿ ಬೆಚ್ಚಗಿಡಿ. ಬಾವಲಿ ಕಂಡರೆ ಓಡಿಸಬೇಡಿ, ಅವುಗಳಿಗೆ ಇಲ್ಲಿ ಕಾನೂನಿನ ರಕ್ಷಣೆಯಿದೆ. ಮುಗಿದ ಮೇಲೆ ಕಾರಿನಲ್ಲಿ ಕೂತು ತಕ್ಷಣ ಹೊರಡಬೇಡಿ, ಹತ್ತಿರದಲ್ಲೇ ಮೊದಲೇ ಒಂದು ಕೋಣೆ ಹಿಡಿದಿಡಿ.

ನಮ್ಮೂರಲ್ಲೂ ದೆವ್ವಕ್ಕೆ ಹಗಲಿಲ್ಲ. ದೀಪ ಹಚ್ಚಿದ ಮೇಲೆ ಹುಣಸೆಮರದ ಕೆಳಗೆ ಹೋಗಬಾರದು, ಹಿಂದಿನಿಂದ ಯಾರಾದರೂ ಒಂದೇ ಸಲ ಕರೆದರೆ ಓಗೊಡಬಾರದು ಎಂದು ಕೇಳಿಯೇ ನಾವೆಲ್ಲ ಬೆಳೆದದ್ದು. ಕೆಲವು ಕಾಲ ಮನೆಮನೆಯ ಬಾಗಿಲ ಮೇಲೂ 'ನಾಳೆ ಬಾ' ಇತ್ತು. ಆದರೆ ತುಳುನಾಡಿನ ಕೋಲ ನೆನೆದರೆ ನನಗೆ ಹೆಮ್ಮೆ. ಅಲ್ಲಿ ಭೂತವನ್ನು ಯಾರೂ ಮೀಟರು ಹಿಡಿದು ಬೆನ್ನಟ್ಟುವುದಿಲ್ಲ. ಹೊತ್ತು ಗೊತ್ತು ಮಾಡಿ, ಕರೆದು, ಜಾಗದ ತಕರಾರನ್ನೂ ಅಣ್ಣತಮ್ಮಂದಿರ ಮುನಿಸನ್ನೂ ಅದರ ಮುಂದಿಡುತ್ತಾರೆ, ಅದು ನುಡಿ ಕೊಡುತ್ತದೆ. ಇಲ್ಲಿನವರು "ಯಾರಾದರೂ ಇದ್ದೀರಾ?" ಎಂದು ಕತ್ತಲಿಗೆ ಕೇಳುವಾಗ, ನಮ್ಮವರು ಇದ್ದವರ ಜೊತೆ ಸಂಸಾರ ಮಾಡಿಕೊಂಡು ಬಂದಿದ್ದಾರೆ ಅನಿಸುತ್ತದೆ.

ನೋವಾಗುವುದು ಬೇರೆ ಕಡೆ. ಭಾನಾಮತಿ, ಮಾಟ ಎಂಬ ಅನುಮಾನ ನಮ್ಮಲ್ಲಿ ಕತ್ತಲಲ್ಲಿ ನಿಲ್ಲದೆ ಬದುಕಿರುವ ಹೆಂಗಸಿನ ಬಾಗಿಲಿಗೆ ಬರುತ್ತದೆ. ಅದನ್ನು ತಡೆಯಲು ಕರ್ನಾಟಕ 2017ರಲ್ಲಿ ಕಾನೂನೇ ತರಬೇಕಾಯಿತು. ಈ ದೇಶ ಅದರಲ್ಲಿ ನಮಗಿಂತ ಮೇಲೇನಲ್ಲ. 1612ರಲ್ಲಿ ಲ್ಯಾಂಕಾಸ್ಟರಿನಲ್ಲಿ ಮಾಟದ ಆರೋಪಕ್ಕೆ ಹತ್ತು ಜನರನ್ನು ನೇಣಿಗೆ ಹಾಕಿದರು. ಈಗ ವಿಚಾರಣೆ ನಡೆದ ಲ್ಯಾಂಕಾಸ್ಟರ್ ಕೋಟೆಯನ್ನು ನೋಡಲು ಬಂದವರಿಗೆ ಆ ವಿಚಾರಣೆಯ ಕಥೆಯನ್ನು ಮುಚ್ಚಿಡದೆ ಹೇಳುತ್ತಾರೆ. ನಮ್ಮ ಕೋಟೆಗಳಲ್ಲಿ ಒನಕೆ ಓಬವ್ವನ ಕಿಂಡಿ ತೋರಿಸುವ ಗೈಡುಗಳಿದ್ದಾರೆ, ಆದರೆ ಸಂಜೆಯಾದರೆ ಬಾಗಿಲು ಹಾಕಿಬಿಡುತ್ತೇವೆ. ಹಗಲಲ್ಲೂ ಗೋಡೆಯನ್ನು ಅಳೆಯುವವರಿಗಿಂತ ಅದರ ಮೇಲೆ ಹೆಸರು ಕೆತ್ತುವವರೇ ಹೆಚ್ಚು. ಚಿತ್ರದುರ್ಗದಲ್ಲೋ ಬೀದರಿನಲ್ಲೋ ಚಳಿಗಾಲದ ಒಂದು ರಾತ್ರಿ, ಮಧ್ಯಾಹ್ನದ ನಕ್ಷೆ ಬರೆಯುವ ಪಾಠದಿಂದಲೇ ಶುರುವಾಗುವಂತೆ, ಇಪ್ಪತ್ತು ಜನರ ಗುಂಪನ್ನು ಪ್ರಾಕ್ತನ ಬಲ್ಲವರೊಬ್ಬರು ಕರೆದೊಯ್ದರೆ, ಬಂದ ಹಣ ಆ ಗೋಡೆಯ ದುರಸ್ತಿಗೇ ಹೋದರೆ, ನಾನು ರಜೆಯನ್ನು ಅದಕ್ಕೆ ಹೊಂದಿಸಿಕೊಂಡು ಬರುತ್ತೇನೆ.